ಭಕ್ತ ಲೂಯಿಯ ಪಾಲು

ಯೋಗಾನರಸಿಂಹ ಮೇಷ್ಟ್ರು ಫ್ರಾಂಕರ ಚರಿತ್ರೆಯನ್ನು ಹಾಡಿ ಕಲಿಸುತ್ತಿದ್ದರು. ಹೊಳೆನರಸೀಪುರದ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದವರಿಗೆ ಮಧ್ಯಯುಗದ ಯುರೋಪು ಎಂಬ ಪತ್ರಿಕೆಯಿತ್ತು. ಅದನ್ನು ಬೇರೆ ಯಾರು ಕಲಿಸಿದ್ದರೂ ಇಸವಿಗಳನ್ನು ಬರೆಸಿ ಕೈತೊಳೆದುಕೊಳ್ಳುತ್ತಿದ್ದರು. ಮೇಷ್ಟ್ರ ಕತೆಯೇ ಬೇರೆ. ಅವರು ತಂದೆಯ ತೊಡೆಗಂಟಿ ಕೂತು, ದೇವಸ್ಥಾನದ ಪ್ರಾಕಾರದಲ್ಲಿ ಕಾವ್ಯವಾಚನ ಕೇಳುತ್ತ ಬೆಳೆದವರು. ಒಬ್ಬರು ಪದ್ಯವನ್ನು ರಾಗವಾಗಿ ಓದಬೇಕು, ಇನ್ನೊಬ್ಬರು ಅದನ್ನು ಬಿಡಿಸಿ ಅರ್ಥ ಹೇಳಬೇಕು. ಈ ಎರಡು ದನಿಗಳ ನಡುವೆ ಹಾದು ಬಂದರೆ ಮಾತ್ರ ಅವರಿಗೆ ಯಾವ ಸಂಗತಿಯೂ ನಿಜ ಅನ್ನಿಸುತ್ತಿದ್ದದ್ದು. ಹಾಗಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲೇ ಫ್ರಾಂಕರನ್ನು ಒಂದುಗೂಡಿಸಿದ ದೊರೆ ಕ್ಲೋವಿಸ್‌ನಿಂದ ಹಿಡಿದು ಚಕ್ರವರ್ತಿ ಷಾರ್ಲಮೇನ್‌ನ ಮೊಮ್ಮಕ್ಕಳವರೆಗೆ ಎಲ್ಲರನ್ನೂ ಷಟ್ಪದಿಗೆ ಇಳಿಸಿಬಿಟ್ಟಿದ್ದರು. ತರಗತಿಯಲ್ಲಿ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಒಂದು ಪದ್ಯ ಹಾಡಿ, ಕನ್ನಡಕ ತೆಗೆದು, "ಅರ್ಥ ಹೇಳೋರು ಯಾರು?" ಎಂದು ಕೇಳುತ್ತಿದ್ದರು.

ಬಹಳ ವರ್ಷ ಯಾರೂ ಹೇಳುತ್ತಿರಲಿಲ್ಲ. ತಾವೇ ಹಾಡಿ, ತಾವೇ ಅರ್ಥವನ್ನೂ ಹೇಳಿಕೊಳ್ಳುತ್ತಿದ್ದರು. ಆಮೇಲೊಂದು ವರ್ಷ ಹಿಂದಿನ ಬೆಂಚಿನಿಂದ ಮಲ್ಲಿಪಟ್ಟಣದ ಹುಡುಗನೊಬ್ಬ ಎದ್ದು ನಿಂತ. ಬೇಸಾಯಗಾರ ದೇವಯ್ಯನ ಮಗ, ಹೆಸರು ಶಾಂತರಾಜು.

"ಕ್ಲೋವಿಸ್ ಒಡ್ದು ಬಡ್ದು ಊರೂರು ಸೇರ್ಸಿ ದೊಡ್ಡ ರಾಜ್ಯ ಕಟ್ದ ಸಾ. ಅವನು ಸತ್ ಮೇಲೆ ನಾಕು ಮಕ್ಳೂವೆ ಅಲಸಿನಣ್ಣು ಅಂಚ್ಕಂಡಂಗೆ ಅಂಚ್ಕಂಡ್ರು. ಎಲ್ರ ಕೈಗೂ ಅಂಟು ಮೆತ್ಕಂತು, ತೊಳೆ ಮಾತ್ರ ಯಾರ್ಗೂ ನೆಟ್ಟಗೆ ಸಿಗ್ನಿಲ್ಲ."

ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಹಾಡುವವನಿಗೆ ಜೊತೆ ಸಿಕ್ಕಿದಾಗ ಎದೆಯಲ್ಲಿ ಆಗುವ ತಣ್ಣನೆಯದೊಂದು ಅವರಿಗೆ ಆಗಿತ್ತು. ಮುಂದೆ ಶಾಂತರಾಜು ಮೈಸೂರಿಗೆ ಹೋಗಿ ಎಂ.ಎ. ಮಾಡಿ ಬಂದ. ಅದೇ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕನಾದ. ಅಂದಿನಿಂದ ಫ್ರಾಂಕರ ಪಾಠಕ್ಕೆ ಇಬ್ಬರೂ ಒಟ್ಟಿಗೆ ಒಳಗೆ ಹೋಗುತ್ತಿದ್ದರು. ಮೇಷ್ಟ್ರು ಹಾಡುವುದು, ಶಾಂತರಾಜು ಅರ್ಥ ಹೇಳುವುದು. ಕಾಮರ್ಸಿನ ಮಕ್ಕಳೂ ಬಂದು ಕಿಟಕಿಯಲ್ಲಿ ನಿಂತು ಕೇಳುತ್ತಿದ್ದರು.

ಮೇಷ್ಟ್ರು ನಿವೃತ್ತರಾಗುವ ವರ್ಷ ಪ್ರಿನ್ಸಿಪಾಲ್ ರುದ್ರಯ್ಯನವರು ಅವರನ್ನು ಕರೆಸಿ ಕೂರಿಸಿಕೊಂಡರು.

"ಮೇಷ್ಟ್ರೇ, ಮಾರ್ಚಿಗೆ ಹೊರಡ್ತೀರಿ. ನಿಮ್ಮ ತರಗತಿಗಳು ಯಾರಿಗೆ ಹೋಗ್ಬೇಕು ಅಂತ ನೀವೇ ಹೇಳಿಬಿಡಿ, ನಾನು ಹಂಗೇ ಹಾಕ್ತೀನಿ. ಆದ್ರೆ ಒಂದು ಮಾತು. ಟ್ರಸ್ಟ್‌ನೋರು ಈ ಸಲ ಖಡಾಖಂಡಿತ ಹೇಳವ್ರೆ. ಪೂರ್ತಿ ಕಾರ್ಯಭಾರ ಇರೋ ಒಬ್ಬ ಮನುಷ್ಯ ಇದ್ರೆ ವಿಭಾಗ ಉಳೀತದೆ. ಅರ್ಧ, ಕಾಲು ಅಂತ ಹಿಡ್ಕೊಂಡಿರೋರು ಎಷ್ಟು ಜನ ಇದ್ರೂ ಲೆಕ್ಕಕ್ಕಿಲ್ಲ. ನಿಮ್ಮದೆಲ್ಲ ಒಂದೇ ಕಡೆ ಹಾಕಿದ್ರೆ ಒಬ್ಬನಿಗೆ ಸರಿಯಾಗಿ ತುಂಬ್ತದೆ. ಒಬ್ಬನಿಗೇ."

"ಶಾಂತರಾಜುಗೆ ಹಾಕಿ" ಎಂದರು ಮೇಷ್ಟ್ರು ತಡವರಿಸದೆ.

"ನಾನೂ ಅದನ್ನೇ ಅಂದ್ಕೊಂಡಿದ್ದೆ. ಬರವಣಿಗೇಲಿ ಆಮೇಲೆ ಕೊಡಿ, ಅವಸರ ಏನಿಲ್ಲ."

ಆ ಅವಸರವಿಲ್ಲದಿರುವಿಕೆಯೇ ಮುಳುವಾಯಿತು. ಸಂಜೆ ಮೆಟ್ಟಿಲ ಮೇಲೆ ಮೇಷ್ಟ್ರು ಸುದ್ದಿ ಹೇಳಿದಾಗ ಶಾಂತರಾಜು ಕೈಯಲ್ಲಿದ್ದ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡ. ಮುಂದಿನ ವಾರ ದೇವಯ್ಯ ಒಂದು ಚೀಲ ಸೊನೆ ಅವರೆಕಾಯಿ ಹೊತ್ತು ಮೇಷ್ಟ್ರ ಮನೆಗೇ ಬಂದ. "ನಮ್ ಐದ ನಿಮ್ ಕೈಲಿ ಮನ್ಸ ಆದ ಕಣ್ ಸಾಮಿ" ಎಂದು ಹೇಳಿ, ಕಾಫಿ ಕುಡಿದು, ಚೀಲವನ್ನು ಕೊಡವಿ ಮಡಿಸಿ ಬಗಲಿಗಿಟ್ಟುಕೊಂಡು ಹೋದ.

ಆ ಅವರೆಕಾಯಿ ಸುಲಿಯುತ್ತಲೇ ರಂಗನಾಯಕಿ ಮಾತು ತೆಗೆದರು. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನಿಂದ ತಮಗಾಗಿ ಏನನ್ನೂ ಕೇಳದ ಹೆಂಗಸು. ಮಕ್ಕಳಿರಲಿಲ್ಲ. ಅವರ ಅಣ್ಣನ ಮಗ ಕೇದಾರ್, ಪಾಠ ಮಾಡುತ್ತಿದ್ದ ಹಾಸನದ ಟ್ಯುಟೋರಿಯಲ್ಲು ಮುಚ್ಚಿಹೋದ ಮೇಲೆ ಮರಳಿ ಬಂದು ಮುಂದಿನ ಕೋಣೆಯಲ್ಲಿ ಇದ್ದ. ಅವನದೂ ಚರಿತ್ರೆಯಲ್ಲೇ ಎಂ.ಎ. ಹಿಂದಿನ ಜುಲೈಯಲ್ಲಿ ರುದ್ರಯ್ಯನವರು ಅವನಿಗೂ ಎರಡು ತರಗತಿ ಕೊಟ್ಟಿದ್ದರು.

"ಏನೂಂದ್ರೆ, ಶಾಂತರಾಜುನ ಬಿಡಿ ಅಂತ ನಾನು ಹೇಳಲ್ಲ. ಅವನಿಗೂ ಇರ್ಲಿ. ನಮ್ಮ ಕೇದಾರನಿಗೂ ಒಂದು ಪಾಲು ಇರ್ಲಿ. ಈ ಮನೇಲಿ ಉಂಡು ಬೆಳೆದ ಹುಡುಗ. ನಾಳೆ ನಿಮ್ಮ ಹೆಸರು ಹೇಳ್ಕೊಂಡು ಬೀದೀಲಿ ಅಲೀಬೇಕಾ?"

"ನಿನಗೆ ಜೂಡಿತ್ ಅಂತ ಹೆಸರಿಡಬೇಕಿತ್ತು."

"ಯಾರವಳು?"

"ಷಾರ್ಲಮೇನ್‌ನ ಮಗ ಲೂಯಿ ಅಂತ ಇದ್ದ. ಅವನ ಎರಡನೇ ಹೆಂಡತಿ. ರಾಜ್ಯ ಯಾರ್ಯಾರಿಗೆ ಅಂತ ನಿಶ್ಚಯ ಆಗಿಹೋದ ಮೇಲೆ ಇವಳಿಗೊಂದು ಗಂಡುಮಗು ಹುಟ್ಟಿತು. ಅವನಿಗೂ ಪಾಲು ಬೇಕು ಅಂತ ಕೂತಳು."

"ಹೆತ್ತವಳು ಕೇಳದೆ ಇರ್ತಾಳಾ. ಕೊಟ್ಟನೋ ಇಲ್ವೋ?"

"ಕೊಟ್ಟ."

"ಒಳ್ಳೆ ಗಂಡ" ಎಂದು ರಂಗನಾಯಕಿ ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿದು ಎದ್ದುಹೋದರು.

ಮೇಷ್ಟ್ರಿಗೆ ನಗು ಬಂದದ್ದು ನಿಜ, ಆದರೆ ಮಾತು ಒಳಗೆ ಇಳಿದಿತ್ತು. ಮಕ್ಕಳೆಲ್ಲ ಷಾರ್ಲಮೇನ್‌ನನ್ನು ಮೆಚ್ಚುತ್ತಿದ್ದರು. ಮುದಿತನದಲ್ಲಿ ದಿಂಬಿನಡಿ ಹಲಗೆ ಇಟ್ಟುಕೊಂಡು ಅಕ್ಷರ ತಿದ್ದಿದ ಚಕ್ರವರ್ತಿ ಎಂದರೆ ಯಾರು ಮೆಚ್ಚುವುದಿಲ್ಲ. ಮೇಷ್ಟ್ರು ಮಾತ್ರ ಒಳಗೊಳಗೆ ಮೆಚ್ಚಿದ್ದು ಲೂಯಿಯನ್ನು. ಭಕ್ತ ಲೂಯಿ ಎಂದೇ ಜನ ಕರೆದವನು, ಜೋರಾಗಿ ನಗದವನು, ಮಾಡಿದ ತಪ್ಪಿಗೆ ನೆರೆದ ಸಭೆಯಲ್ಲಿ ಮಂಡಿಯೂರಿ ಅತ್ತವನು. ಅವನ ಪದ್ಯಗಳನ್ನು ಅವರು ಬೇರೆಯದೇ ರಾಗದಲ್ಲಿ, ದನಿ ತಗ್ಗಿಸಿ ಹಾಡುತ್ತಿದ್ದರು.

ಇಷ್ಟರಲ್ಲಿ ಧನಲಕ್ಷ್ಮಿಯ ಕಿವಿಗೂ ಸುದ್ದಿ ಬಿತ್ತು. ವಿಭಾಗದ ಮೂರನೆಯ ಅರೆಕಾಲಿಕ ಉಪನ್ಯಾಸಕಿ ಅವಳು. ಅವಳೂ ಮೇಷ್ಟ್ರ ಶಿಷ್ಯೆಯೇ. ನೇರ ಬಂದು ಅವರ ಮೇಜಿನ ಮುಂದೆ ನಿಂತಳು.

"ಸಾರ್, ಬಾಗೂರಿಂದ ಚನ್ನರಾಯಪಟ್ಣ, ಅಲ್ಲಿಂದ ಇಲ್ಲಿಗೆ. ಬಸ್ಸಲ್ಲಿ ನಿಂತೂ ನಿಂತೂ ನನ್ ಕಾಲು ನೀವು ಪಾಠ ಮಾಡ್ತೀರಲ್ಲ ರೋಮಿನ ಕಂಬ, ಅಂಗಾಗವೆ. ಕಂಬದ ಮೇಲೆ ಒಂದು ಸೂರು ಮಡಗ್ತೀರೋ, ಇಲ್ಲ ಬಯಲಲ್ಲೇ ನಿಲ್ಸಿ ಓಯ್ತೀರೋ?"

"ಬಿಡ್ತು ಅನ್ನಮ್ಮ" ಎಂದರು ಮೇಷ್ಟ್ರು.

"ಶಾಂತರಾಜು ನಮ್ಮಣ್ಣ ಇದ್ದಂಗೆ, ಅವ್ರಿಗೆ ಕೊಡ್ಬೇಡಿ ಅನ್ನಲ್ಲ. ನಾನೂ ನಿಮ್ ಮಗ್ಳೇ ಅಂತ ಒಂದ್ ದಪ ಅಂದಿದ್ರಿ. ನೆಪ್ಪು ಮಾಡ್ದೆ ಅಷ್ಟೇಯ."

ಇಲ್ಲ ಎನ್ನುವ ಪದ ಮೇಷ್ಟ್ರ ನಾಲಿಗೆಗೆ ಎಂದೂ ಒಗ್ಗಿದ್ದಿಲ್ಲ. ಸಂಧ್ಯಾವಂದನೆಗೆ ಕೂತು ಕಣ್ಣು ಮುಚ್ಚಿದರೆ ಮೂರೂ ಮುಖ ಸಾಲಾಗಿ ಬಂದು ನಿಲ್ಲುತ್ತಿದ್ದವು. ಒಬ್ಬನ ಎಲೆಗೆ ಬಡಿಸಿ ಇಬ್ಬರ ಎಲೆ ಮಡಿಸುವುದು ಯಾವ ಧರ್ಮ ಎಂದು ದೇವರನ್ನೇ ಕೇಳಿದರು. ದೇವರು ಸುಮ್ಮನಿದ್ದ, ಅದನ್ನು ಅವರು ಒಪ್ಪಿಗೆ ಎಂದು ತಿಳಿದರು. ಮೂವರೂ ಒಟ್ಟಾಗಿ ಹೋಗಿ ನಿಂತರೆ ಟ್ರಸ್ಟಿನವರ ಮನಸ್ಸು ಕರಗದೆ ಇರುತ್ತದೆಯೇ? ಒಬ್ಬನಿಗಿಂತ ಮೂವರು ಹೆಚ್ಚಲ್ಲವೇ? ಹೀಗೆ ಯೋಚಿಸುತ್ತ ಯೋಚಿಸುತ್ತ ತಾವು ಮಾಡುವುದೇ ಸರಿ ಎಂಬ ಸಮಾಧಾನವೂ ಬಂದುಬಿಟ್ಟಿತು.

ಫೆಬ್ರವರಿಯಲ್ಲಿ ಬರೆದು ಕೊಟ್ಟರು. ಕರ್ನಾಟಕದ ಚರಿತ್ರೆ ಧನಲಕ್ಷ್ಮಿಗೆ, ಪ್ರಾಚೀನ ಭಾರತ ಕೇದಾರನಿಗೆ. ನಡುವೆ ಉಳಿದ ಯುರೋಪು ಶಾಂತರಾಜುಗೆ. ಜೊತೆಗೆ ಹಿರಿಯನೆಂದು ವಿಭಾಗದ ಮುಖ್ಯಸ್ಥ ಎಂಬ ಹೆಸರೂ ಅವನಿಗೇ. ರುದ್ರಯ್ಯನವರು ಕಾಗದವನ್ನು ನೋಡಿ, ಮೇಷ್ಟ್ರ ಮುಖವನ್ನೂ ನೋಡಿದರು.

"ಯೋಚ್ನೆ ಮಾಡಿದ್ದೀರಾ?"

"ಮಾಡಿದ್ದೀನಿ."

"ಸರಿ ಹಂಗಾದ್ರೆ."

ವೇಳಾಪಟ್ಟಿಯನ್ನು ಫಲಕಕ್ಕೆ ಅಂಟಿಸಿದ ಬೆಳಿಗ್ಗೆಯೇ ಅವರ ತರಗತಿಯಿತ್ತು. ಶಾಂತರಾಜು ಫಲಕದ ಮುಂದೆ ನಿಂತಿದ್ದನ್ನು ಮೇಷ್ಟ್ರು ದೂರದಿಂದ ಕಂಡರು. ಅವನು ತಿರುಗಿ, ಎಂದಿನಂತೆ ಹಾಜರಿ ಪುಸ್ತಕ ತೆಗೆದುಕೊಂಡು, ಎಂದಿನಂತೆ ಅವರ ಹಿಂದೆಯೇ ಒಳಗೆ ಬಂದ. ಪಾಠ ಅಂದು ಲೂಯಿಯ ಕೊನೆಗೆ ಬಂದು ನಿಂತಿತ್ತು. ಅದನ್ನು ಬಿಟ್ಟು ಮುಂದಕ್ಕೆ ಹೋಗಬಹುದಿತ್ತು. ಮೇಷ್ಟ್ರಿಗೆ ಅದು ಹೊಳೆಯಲಿಲ್ಲ. ಪದ್ಯ ಬಿಟ್ಟು ಓದುವುದು ಅವರ ಪಾಠದಲ್ಲಿ ಇರಲಿಲ್ಲ. ಹಾಡಿದರು.

ಆಳಿ ಮಡಿದನು ಪಿರಿಯ ಕಾರ್ಲನು
ಬಾಳಿ ದಣಿದನು ಮಗನು ಲೂಯಿಯು
ಸೀಳಿ ಕೊಟ್ಟನು ಮೂರು ಮಕ್ಕಳಿಗೊಂದು ರಾಜ್ಯವನು
ಕೇಳಿ ಜನರೇ ಪಾಲಿಗಿಟ್ಟರೆ
ಹೋಳು ಹೋಳೆನಿಸುವುದು ಮಮತೆಯು
ಹೇಳಹೆಸರಿಲ್ಲದೆಯೆ ಹೋಯಿತು ನಡುವಣಾ ನಾಡು

ಕೊನೆಯ ಸಾಲನ್ನು ವಾಡಿಕೆಯಂತೆ ಎರಡು ಸಲ ಎಳೆದು ನಿಲ್ಲಿಸಿ, ಕನ್ನಡಕ ತೆಗೆದರು. ತಾವು ಹಾಡಿದ್ದು ಯಾರ ಕತೆಯೆಂದು ಆಗ ತಿಳಿಯಿತು. ಕನ್ನಡಕ ಕೈಯಲ್ಲೇ ಉಳಿಯಿತು.

ಶಾಂತರಾಜು ಮುಂದೆ ಬಂದ. ಅವನ ದನಿಯಲ್ಲಿ ಏರಿಳಿತವಿರಲಿಲ್ಲ.

"ಪಿರಿಯ ಕಾರ್ಲ ಅಂದ್ರೆ ಷಾರ್ಲಮೇನ್. ಅವನೂ ಮೂರು ಮಕ್ಳಿಗೆ ಪಾಲು ಬರೆದಿಟ್ಟಿದ್ದ. ಅದ್ರಾಗೆ ಇಬ್ರು ಅಪ್ಪನ್ಗಿಂತ ಮುಂಚೆ ಸತ್ರು. ಅದ್ಕೇ ರಾಜ್ಯ ಒಂದಾಗಿ ಲೂಯಿ ಕೈಗೆ ಬಂತು. ಬುದ್ಧಿವಂತಿಕೆಯಿಂದ ಉಳಿದದ್ದಲ್ಲ ಅದು, ಸಾವಿಂದ ಉಳಿದದ್ದು. ಲೂಯಿ ಕಾಲಕ್ಕೆ ಅಂಗಾಗ್ಲಿಲ್ಲ. ಅವನು ಸತ್ತಾಗ ಮೂರು ಜನ ಮಕ್ಳೂ ಗಟ್ಟಿಯಾಗಿದ್ರು. ಬಡಿದಾಡಿ ಬಡಿದಾಡಿ, ಕೊನೇಗೆ ವರ್ಡನ್ ಅನ್ನೋ ಊರಲ್ಲಿ ಕೂತು ಅಂಚ್ಕಂಡ್ರು. ಪಶ್ಚಿಮ ಒಬ್ಬನಿಗೆ, ಪೂರ್ವ ಒಬ್ಬನಿಗೆ. ಇರೀ ಮಗ ಲೋಥಾರ್‌ಗೆ ಚಕ್ರವರ್ತಿ ಅನ್ನೋ ಹೆಸ್ರು, ಎರಡು ರಾಜಧಾನಿ, ಮಧ್ಯೆ ಒಂದು ಉದ್ದನೇ ಪಟ್ಟಿ. ಹೆಸ್ರು ದೊಡ್ದು. ಕಾಯಾಕೆ ಆಗ್ದಿರೋ ನೆಲ. ಅವನು ಸತ್ತಾಗ ಅದನ್ನೂ ಅವನ ಮೂರು ಮಕ್ಳಿಗೆ ಮತ್ತೆ ಮೂರು ಭಾಗ ಮಾಡುದ್ರು."

ಮುಂದಿನ ಸಾಲಿನ ಭಾನುಪ್ರಿಯಾ ಕೈಯೆತ್ತಿದಳು. "ಸಾ, ಕ್ಲೋವಿಸ್ ಕಾಲದಿಂದ್ಲೂ ಪಾಲು ಮಾಡಿ ಕೆಟ್ಟಿದ್ದೇ ಅಲ್ವಾ. ಲೂಯಿಗೆ ಗೊತ್ತಾಗ್ನಿಲ್ವಾ?"

"ಅದನ್ನ ಅವ್ರನ್ನೇ ಕೇಳು" ಎಂದ ಶಾಂತರಾಜು.

ಮೇಷ್ಟ್ರು ಕನ್ನಡಕ ಒರೆಸಿದರು. "ಅವನು ದೇವರಲ್ಲಿ ಕೇಳಿಕೊಂಡಿದ್ದಮ್ಮ" ಎಂದರು.

"ಅದು ಆನ್ಸರ್ ಅಲ್ವಲ್ಲ ಸಾ" ಎಂದಳು ಭಾನುಪ್ರಿಯಾ. ಮಕ್ಕಳೆಲ್ಲ ನಕ್ಕರು. ಶಾಂತರಾಜು ಕಪ್ಪುಹಲಗೆಯ ಕಡೆ ತಿರುಗಿ, ಏನೂ ಬರೆಯದಿದ್ದ ಜಾಗವನ್ನು ಒರೆಸುತ್ತಿದ್ದ.

ಅಂದು ಸಂಜೆಯೇ ಹೋಗಿ ಆ ಕಾಗದವನ್ನು ಹಿಂದಕ್ಕೆ ಪಡೆಯಬಹುದಿತ್ತು. ಮೇಷ್ಟ್ರು ರುದ್ರಯ್ಯನವರ ಕೋಣೆಯ ತನಕ ಹೋದರು ಕೂಡ. ಒಳಗೆ ಹೋಗಿ ಯಾರ ಹೆಸರು ಹೊಡೆದುಹಾಕಿ ಎನ್ನುವುದು? ಮನೆಯಲ್ಲಿ ಕೇದಾರ್ ಅದಾಗಲೇ ಅತ್ತೆಯ ಕಾಲಿಗೆ ಬಿದ್ದು, ಮಾವನ ಕಾಲಿಗೂ ಬಿದ್ದು, ಪ್ರಾಚೀನ ಭಾರತದ ಪುಸ್ತಕಗಳಿಗೆ ರಟ್ಟು ಹಾಕಿಕೊಂಡು ಕೂತಿದ್ದ. ಧನಲಕ್ಷ್ಮಿ ಪೇಟೆಯಿಂದ ಸಿಹಿ ತರಿಸಿ ಸ್ಟಾಫ್ ರೂಮಿಗೆಲ್ಲ ಹಂಚಿದ್ದಳು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟ ಮೇಷ್ಟ್ರು ಹಾಗೇ ಕೈ ತೆಗೆದು ಮನೆಗೆ ನಡೆದರು.

ಮೂವರೂ ಒಟ್ಟಾಗಿ ನಿಲ್ಲುತ್ತಾರೆ ಎಂದುಕೊಂಡದ್ದು ತಿಂಗಳೊಪ್ಪತ್ತು ಉಳಿಯಲಿಲ್ಲ. ಪೂರ್ತಿ ಕಾರ್ಯಭಾರಕ್ಕೆ ತಮ್ಮ ಪಾಲು ಸಾಲದು ಎನ್ನುವುದು ಎಲ್ಲರಿಗೂ ಕಾಣುತ್ತಿತ್ತು. ಎಲ್ಲರ ಕಣ್ಣೂ ನಡುವಿನ ಯುರೋಪಿನ ಮೇಲೆ ಬಿತ್ತು. ಬೀಳ್ಕೊಡುಗೆಯ ದಿನ, ಹಾರ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ ಕೂತಿದ್ದ ಮೇಷ್ಟ್ರ ಹತ್ತಿರ ರುದ್ರಯ್ಯನವರು ಬಗ್ಗಿ ಹೇಳಿದರು.

"ನಿಮ್ಮ ಶಿಷ್ಯರು ಬಲು ಚೆನ್ನಾಗವ್ರೆ ಮೇಷ್ಟ್ರೇ. ಕೇದಾರ್ ಬಂದು, ಯುರೋಪಲ್ಲಿ ಅರ್ಧ ಧನಲಕ್ಷ್ಮಿಗೆ ಕೊಡಿ, ಪಾಪ ದೂರದಿಂದ ಬರ್ತಾಳೆ ಅಂತಾನೆ. ಆಯಮ್ಮ ಬಂದು, ಕೇದಾರ್ ಸರ್ ಇಂಗ್ಲಿಷ್ ಚೆನ್ನಾಗಿದೆ, ಯುರೋಪಲ್ಲಿ ಅರ್ಧ ಅವ್ರಿಗೇ ಕೊಡಿ ಅಂತಾಳೆ. ತಮಗೆ ಅಂತ ಒಬ್ಬರೂ ಬಾಯಿ ಬಿಡಲ್ಲ. ಮಾತಾಡ್ಕೊಂಡೇ ಬಂದವ್ರೆ."

"ಶಾಂತರಾಜು?"

"ಅವನು ಬರಲೇ ಇಲ್ಲ."

ಸ್ಟ್ರಾಸ್‌ಬರ್ಗಿನ ಬಯಲಿನಲ್ಲಿ ಲೂಯಿಯ ಕಿರಿಯ ಮಕ್ಕಳಿಬ್ಬರು, ಅಣ್ಣನ ವಿರುದ್ಧ ಒಂದಾಗಲು, ಒಬ್ಬನ ಸೈನ್ಯದ ಮುಂದೆ ಇನ್ನೊಬ್ಬ ಆ ಸೈನ್ಯದ ಭಾಷೆಯಲ್ಲೇ ಆಣೆಯಿಟ್ಟ ಪ್ರಸಂಗವನ್ನು ಮೇಷ್ಟ್ರು ವರ್ಷ ವರ್ಷವೂ ಬಾಯಿ ಚಪ್ಪರಿಸಿ ಹಾಡಿದ್ದರು. ಎಷ್ಟು ಚಂದದ ಉಪಾಯ ಎಂದು ಮಕ್ಕಳೂ ಚಪ್ಪಾಳೆ ತಟ್ಟುತ್ತಿದ್ದರು. ಈಗ ಅವರಿಗೆ ಕೊಟ್ಟ ಶಾಲು ಭುಜದ ಮೇಲೆ ನಿಲ್ಲದೆ ಜಾರುತ್ತಿತ್ತು. ಅದನ್ನು ಎತ್ತಿ ಹಾಕಿಕೊಳ್ಳುವ ಮನಸ್ಸೂ ಬರಲಿಲ್ಲ.

ಮನೆಗೆ ಬಂದು ಕೇದಾರನನ್ನು ಕೂರಿಸಿ ಕೇಳಿದರು.

"ನಾನು ನನಗೆ ಕೇಳ್ಲಿಲ್ಲವಲ್ಲ ಮಾವ" ಎಂದ ಅವನು.

"ಅದೇ ಕಣಯ್ಯ ನನಗೆ ಹೆದರಿಕೆ" ಎಂದರು ಮೇಷ್ಟ್ರು.

ಜೂನಿನಲ್ಲಿ ಟ್ರಸ್ಟಿನ ಸಭೆಯಾಯಿತು. ಪೂರ್ತಿ ಕಾರ್ಯಭಾರದ ಮನುಷ್ಯ ಚರಿತ್ರೆಗೆ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇರಲಿಲ್ಲ. ಯುರೋಪನ್ನು ಯಾರಿಗೆ ಸೇರಿಸಬೇಕು ಎಂಬುದಕ್ಕೆ ಎರಡು ಬಗೆಯ ಮನವಿಗಳಿದ್ದವು. ಈ ರಗಳೆಯೇ ಬೇಡ ಎಂದು ಹೊಸ ಪ್ರವೇಶ ನಿಲ್ಲಿಸಿದರು. ಇದ್ದ ಮಕ್ಕಳ ಪಾಠವನ್ನು ರಾಜ್ಯಶಾಸ್ತ್ರದವರೇ ಮುಗಿಸಲಿ ಎಂದರು. ಮೇಷ್ಟ್ರು ಓಡಿಹೋಗಿ ಟ್ರಸ್ಟಿನ ಅಧ್ಯಕ್ಷರ ಮನೆಯ ಜಗಲಿಯಲ್ಲಿ ಕೂತರು. ಎಲ್ಲವನ್ನೂ ಶಾಂತರಾಜು ಒಬ್ಬನಿಗೇ ಕೊಡಿ, ಉಳಿದವರಿಗೆ ನಾನು ಹೇಳಿಕೊಳ್ಳುತ್ತೇನೆ ಎಂದು ಕೈಮುಗಿದರು. ಅಧ್ಯಕ್ಷರು ಅವರನ್ನು ಎಬ್ಬಿಸಿ, ಮಜ್ಜಿಗೆ ಕೊಡಿಸಿ, "ಇದನ್ನ ಫೆಬ್ರವರೀಲಿ ಹೇಳಿದ್ರೆ ಆಗ್ತಿತ್ತಲ್ಲ ಸ್ವಾಮಿ" ಎಂದರು. ಅಷ್ಟೇ. ಕೇದಾರ್ ಹಾಸನದ ಇನ್ಶೂರೆನ್ಸ್ ಆಫೀಸೊಂದಕ್ಕೆ ಸೇರಿದ. ಧನಲಕ್ಷ್ಮಿ ಚನ್ನರಾಯಪಟ್ಟಣದಲ್ಲಿ ಪುಟ್ಟ ಮಕ್ಕಳ ಶಾಲೆ ಸೇರಿದಳು. ಬಸ್ಸೊಂದು ಕಮ್ಮಿಯಾಯ್ತು ಸಾರ್ ಎಂದು ಫೋನಿನಲ್ಲಿ ನಗಲು ನೋಡಿ, ನಡುವೆಯೇ ಇಟ್ಟುಬಿಟ್ಟಳು. ಶಾಂತರಾಜು ಫೋನು ಮಾಡಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಮೇಷ್ಟ್ರು ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಮಲ್ಲಿಪಟ್ಟಣದಲ್ಲಿ ಇಳಿದರು. ಕೇಳಿದವರು ಗೊಬ್ಬರದಂಗಡಿಯನ್ನು ತೋರಿಸಿದರು. ಯಾರದೋ ಅಂಗಡಿ, ಶಾಂತರಾಜು ಅದನ್ನು ನೋಡಿಕೊಳ್ಳುತ್ತಿದ್ದ. ಒಳಗೆ ಮೂಗಿಗೆ ಹೊಡೆಯುವ ಯೂರಿಯಾ ವಾಸನೆ. ದೇವಯ್ಯ ಬಾಗಿಲ ಬಳಿ ಮೂಟೆಯ ಮೇಲೆ ಕೂತಿದ್ದ. ಏಳಲಿಲ್ಲ.

"ಬನ್ನಿ ಸಾಮಿ. ಒಬ್ಬನ್ ಒಟ್ಟೆ ತುಂಬೋ ಅನ್ನವ ಮೂರೆಲೇಗೆ ಬಡಿಸ್ಬುಟ್ರಂತೆ. ಯಾರ್ಗೂ ತೇಗು ಬರ್ನಿಲ್ವಂತೆ."

"ಅಪ್ಪ, ಸುಮ್ಕಿರು" ಎಂದ ಶಾಂತರಾಜು. ಸ್ಟೂಲು ಎಳೆದು, ಒರೆಸಿ, ಮೇಷ್ಟ್ರನ್ನು ಕೂರಿಸಿದ. ಟೀ ತರಿಸಿದ. ಅವನ ತಲೆಗೂದಲಲ್ಲಿ ಬಿಳಿ ಪುಡಿ ಕೂತಿತ್ತು.

ಬಸ್ಸಿನಲ್ಲಿ ಬರುತ್ತ ಮೇಷ್ಟ್ರು ಎಷ್ಟೋ ಮಾತು ಜೋಡಿಸಿಕೊಂಡಿದ್ದರು. ಈಗ ಒಂದೂ ಸಾಲಾಗಿ ನಿಲ್ಲಲಿಲ್ಲ. "ಹಾಸನದಲ್ಲಿ ನನಗೆ ಗೊತ್ತಿರೋ ಕಾಲೇಜೊಂದಿದೆ. ಮಾತಾಡ್ಲಾ?" ಎಂದರು.

"ಬ್ಯಾಡಿ."

"ನಿನಗೆ ಅನ್ಯಾಯ ಆಗ್ಲಿ ಅಂತ ನಾನು ಮಾಡ್ಲಿಲ್ಲ ಕಣಯ್ಯ."

"ಗೊತ್ತು. ಬೇಕು ಅಂತ ಮಾಡಿದ್ರೆ ನಂಗೆ ಒಂದು ಕ್ವಾಪ ಆದ್ರೂ ಇರ್ತಿತ್ತು. ಬೈಕಂಡು ತಿರುಗ್ತಿದ್ದೆ. ನೀವು ಅದ್ನೂ ಮಡಗ್ನಿಲ್ಲ."

ಬೇಸಾಯಗಾರನೊಬ್ಬ ಬಂದು ಶುಂಠಿಗೆ ಏನು ಹಾಕಬೇಕೆಂದು ಕೇಳಿದ. ಶಾಂತರಾಜು ಎದ್ದುಹೋಗಿ ಅವನಿಗೆ ಸಾವಧಾನವಾಗಿ ಬಿಡಿಸಿ ಬಿಡಿಸಿ ಹೇಳಿದ. ಮೇಷ್ಟ್ರು ಟೀ ಲೋಟ ಹಿಡಿದು ಆ ದನಿಯನ್ನೇ ಕೇಳುತ್ತ ಕೂತರು. ಅದೇ ದನಿ, ನಿಲ್ಲಿಸುವಲ್ಲಿ ನಿಲ್ಲಿಸಿ, ಎತ್ತುವಲ್ಲಿ ಎತ್ತಿ ಹೇಳುವ ಅದೇ ಬಗೆ. ಎದುರಿಗೆ ಕೇಳುವವನೂ ಇದ್ದ. ತಾವು ಹಾಡಲು ಅಲ್ಲಿ ಏನೂ ಇರಲಿಲ್ಲ.

ಬಸ್ಸಿನ ಹೊತ್ತಾಯಿತೆಂದು ಶಾಂತರಾಜು ಜೊತೆಗೆ ಬಂದ. ದೂರದಿಂದ ಬಸ್ಸು ಕಂಡಾಗ ಮೇಷ್ಟ್ರು ಅವನ ಮುಂಗೈ ಹಿಡಿದುಕೊಂಡರು. ಅವನು ಕೊಸರಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಅದೇ ಕೈಯನ್ನು ಮೆಲ್ಲಗೆ ಮೇಲೆತ್ತಿ ಬಸ್ಸಿಗೆ ಅಡ್ಡ ಹಿಡಿದ.

"ಯಜಮಾನ್ರು ಅರಕಲಗೂಡಲ್ಲಿ ಇಳೀತಾರೆ" ಎಂದ ಕಂಡಕ್ಟರನಿಗೆ. "ವಯಸ್ಸಾದೋರು. ನರಸೀಪುರದ ಬಸ್ಸು ಯಾವ್ದು ಅಂತ ತೋರಿಸ್ಬುಡಿ."

ಊರಿನ ಯಾವ ಮುದುಕನಿಗೂ ಹೇಳುವ ಮಾತು. ಮೇಷ್ಟ್ರು ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು ತಿರುಗುವಷ್ಟರಲ್ಲಿ ಅವನು ಅಂಗಡಿಯ ಕಡೆ ಅರ್ಧ ದಾರಿ ಹೋಗಿಯಾಗಿತ್ತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಮಡಿಲಿನ ಗಂಟು ಸರಿಸಿ ಜಾಗ ಮಾಡಿಕೊಟ್ಟಳು. "ಯಾರು ಸಾಮಿ ಅವ್ರು, ಬಸ್ ಅತ್ತಿಸ್ದೋರು? ನಿಮ್ ಕಡೇವ್ರಾ?"

ಮೇಷ್ಟ್ರು ಕಿಟಕಿಯ ಸರಳು ಹಿಡಿದುಕೊಂಡರು. ಬಸ್ಸು ಗೇರು ಬದಲಿಸಿ ಏರು ಹತ್ತತೊಡಗಿತ್ತು.

"ಅಲ್ಲಮ್ಮ" ಎಂದರು. "ಗೊಬ್ಬರದಂಗಡಿಯವರು."